ಡೈರಿಗೆ ಬೀಗ ಹಾಕಿದ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಕೆಂಡವಾಗಿದ್ದೆ, ಅದಕ್ಕೇ ನಾನು ಹೆಚ್ಚು ಮಾತಾಡಲಿಲ್ಲ. ತಮ್ಮ ನಿನ್ನ ಡೈರಿ ಓದಿದ್ದು ತಪ್ಪೇ. ಅವನಿಗೆ ಹೇಳಬೇಕಾದ್ದನ್ನು ಬೇರೆಯಾಗಿ ಹೇಳುತ್ತೇನೆ. ಆದರೆ ಆ ಸಿಟ್ಟಿನಲ್ಲಿ ಮನೆ ಕಂಪ್ಯೂಟರಿನಲ್ಲಿರುವ ನಿನ್ನ ವರ್ಡ್ ಫೈಲುಗಳಿಗೆಲ್ಲ, ಕಾಲೇಜಿನ ನೋಟ್ಸನ್ನೂ ಬಿಡದೆ, ಪಾಸ್‌ವರ್ಡ್ ಹಾಕಿ ಕೂತಿದ್ದೀಯಲ್ಲ, ಅದನ್ನು ಕೇಳಿ ಎದೆ ಝಲ್ಲೆಂದಿತು.

ಯಾಕೆ ಅಂತ ಕೇಳು. ಕೆಲವು ವರ್ಷಗಳ ಹಿಂದೆ ನಮ್ಮ ಮನೆತನದ ವಿಷಯ, ಅಜ್ಜಿ ಹೇಳಿದ್ದು, ನಾನು ಕಣ್ಣಾರೆ ಕಂಡದ್ದು, ಎಲ್ಲ ಒಂದು ಫೈಲಿನಲ್ಲಿ ಬರೆಯುತ್ತಿದ್ದೆ. ಯಾರ್ಯಾರ ಜಗಳವೋ ಅದರಲ್ಲಿ ಬಂದಿತ್ತು. ಯಾರ ಕಣ್ಣಿಗೂ ಬೀಳದಿರಲಿ ಅಂತ ಒಂದು ರಾತ್ರಿ ಪಾಸ್‌ವರ್ಡ್ ಹಾಕಿದೆ. ಎರಡು ಸಲ ಕೇಳಿತು, ಎರಡು ಸಲವೂ ಹೊಡೆದೆ, ಸೇವ್ ಮಾಡಿ ಮಲಗಿದೆ. ನಾಲ್ಕು ದಿನ ಬಿಟ್ಟು ತೆರೆಯಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಒಂದೊಂದೇ ಅಕ್ಷರ ನಿಧಾನಕ್ಕೆ ಒತ್ತಿದೆ, ತಪ್ಪು. ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಂಡು ಒತ್ತಿದೆ, ಆಗಲೂ ತಪ್ಪು. ಪರದೆಯ ಮೇಲೆ ಕಾಣುವುದು ಬರೀ ಕಪ್ಪು ಚುಕ್ಕೆ, ಕೈ ಏನು ಹೊಡೆಯಿತೆಂದು ತಿಳಿಯುವುದಾದರೂ ಹೇಗೆ? ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ನಿನ್ನ ದೊಡ್ಡಪ್ಪ ಪೇಪರಿನಿಂದ ತಲೆಯೆತ್ತದೆ, "ಅವತ್ತು ಕ್ಯಾಪ್ಸ್ ಲಾಕ್ ಆನ್ ಇತ್ತೋ ಏನೋ" ಅಂದರು. ಆನ್ ಮಾಡಿ ಹೊಡೆದೆ, ತೆರೆದುಕೊಂಡಿತು! ವರ್ಡ್‌ಗೆ ದೊಡ್ಡಕ್ಷರವೇ ಬೇರೆ, ಚಿಕ್ಕಕ್ಷರವೇ ಬೇರೆ. ತಪ್ಪನ್ನೂ ಎರಡೂ ಸಲ ಒಂದೇ ಥರ ಮಾಡಿದ್ದರಿಂದ ಅದು ಸುಮ್ಮನೆ ಒಪ್ಪಿಕೊಂಡಿತ್ತು.

ದೊಡ್ಡಪ್ಪನಿಗೆ ಅದು ಹೊಳೆಯದಿದ್ದರೆ ಆ ಫೈಲು ಹೋದಂತೆಯೇ. ಇಮೇಲಿನ ಹಾಗೆ "ಪಾಸ್‌ವರ್ಡ್ ಮರೆತಿದ್ದೀರಾ" ಅನ್ನುವ ಕೊಂಡಿ ಇಲ್ಲಿಲ್ಲ. ಮರೆತರೆ ನಾವು ಹುಡುಕಿಕೊಡಲಾರೆವು ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ಅವರ ಕೈಯಲ್ಲೂ ಬೀಗದಕೈ ಇಲ್ಲ. ನೀನು ಹೊಡೆದ ಪಾಸ್‌ವರ್ಡಿನಿಂದಲೇ ಕೀಲಿ ತಯಾರಾಗುತ್ತದೆ, ಆ ಕೀಲಿಯಿಲ್ಲದೆ ಒಳಗಿನ ಬರಹ ಬರೀ ಕಲಸುಮೇಲೋಗರ. 2007ರ ಆಫೀಸಿನಲ್ಲಿ ಡಾಟ್ ಡಾಕ್ಸ್ ಅನ್ನುವ ಹೊಸ ಬಗೆಯ ವರ್ಡ್ ಫೈಲು ಬಂದಾಗಿನಿಂದ ಹೀಗೆ ಬರಹ ಕಲಸಲು ಎಇಎಸ್ ಅನ್ನುವ ಗಟ್ಟಿ ಕ್ರಮವಿದೆ, ಅದರ ಕೀಲಿ ಮೊದಲು 128 ಬಿಟ್ಟಿನದು, ಈಗ 256 ಬಿಟ್ಟಿನದು; ಬಿಟ್ಟು ಹೆಚ್ಚಿದಷ್ಟೂ ಕೀಲಿ ಗಟ್ಟಿ. ಈಗಿನ ವರ್ಡ್ ಪಾಸ್‌ವರ್ಡನ್ನು ಕೀಲಿ ಮಾಡುವ ಮುಂಚೆ 1,00,000 ಸಲ ಲೆಕ್ಕದಲ್ಲಿ ಹಾಕಿ ಅರೆಯುತ್ತದೆ. ಊಹೆ ಮಾಡುತ್ತಾ ಹೋಗುವವನಿಗೂ ಪ್ರತಿ ಊಹೆಗೆ ಅಷ್ಟೇ ಅರೆಯುವ ಶಿಕ್ಷೆ, ಸುಸ್ತಾಗಲಿ ಅಂತ. ಆದರೆ ನೀನು ನಾಯಿಯ ಹೆಸರು ಇಟ್ಟಿದ್ದೀಯ! ಲಕ್ಷ ಸಲ ಅರೆದರೇನು, ನಿನ್ನ ತಮ್ಮ ಮೊದಲ ಊಹೆಗೇ ಅದನ್ನು ಹೊಡೆಯುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ ಉದ್ದಕ್ಕೆ ಇಡು. ಚಿಕ್ಕದನ್ನು ಚಿಹ್ನೆಗಳಿಂದ ಗೋಜಲು ಮಾಡುವುದಕ್ಕಿಂತ ಅದು ಮೇಲು, ನೆನಪಿಗೂ ಹತ್ತುತ್ತದೆ.

ನಿಮ್ಮಪ್ಪನ ಹಳೆಯ ಡಾಟ್ ಡಾಕ್ ಫೈಲುಗಳ ಬೀಗವನ್ನು ಮಾತ್ರ ನಂಬಬೇಡ. ವರ್ಡ್ 97ರ ಕಾಲದ ಕೀಲಿ 40 ಬಿಟ್ಟಿನದು, ಒಟ್ಟು ಸುಮಾರು 1.1 ಲಕ್ಷ ಕೋಟಿ ಕೀಲಿಗಳು. ಕೇಳಲು ದೊಡ್ಡದು, ಈಗಿನ ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿ ನೋಡುವುದು ದೊಡ್ಡ ಕೆಲಸವಲ್ಲ. ಡಾಟ್ ಡಾಕ್ಸ್ ಆಗಿ ಸೇವ್ ಮಾಡಿ ಹೊಸದಾಗಿ ಹಾಕಲಿ. ವರ್ಡ್ ಬದಲು ಲಿಬ್ರೆ ಆಫೀಸ್ ಅನ್ನುವ ಉಚಿತ ತಂತ್ರಾಂಶ ಬಳಸಿದರೆ ಸೇವ್ ಆ್ಯಸ್ ಕಿಟಕಿಯಲ್ಲೇ ಪಾಸ್‌ವರ್ಡಿನ ಚೌಕ ಇರುತ್ತದೆ, ಗುರುತು ಹಾಕಿದರೆ ಸಾಕು.

ಇನ್ನೊಂದು. ನೀನು ಹಾಕಿದ್ದು ಯಾವುದು ಅಂತ ನೋಡಿಕೋ. ಫೈಲ್, ಇನ್ಫೋ, ಪ್ರೊಟೆಕ್ಟ್ ಡಾಕ್ಯುಮೆಂಟ್‌ಗೆ ಹೋದರೆ ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್ ಅಂತ ಇದೆ, ಅದು ಬೀಗ. ಅದೇ ಪಟ್ಟಿಯ ರಿಸ್ಟ್ರಿಕ್ಟ್ ಎಡಿಟಿಂಗ್‌ಗೂ ಪಾಸ್‌ವರ್ಡ್ ಕೇಳುತ್ತದೆ, ಆದರೆ ಅದು ತಿದ್ದಬೇಡಿ ಅನ್ನುವ ಬೋರ್ಡು ಅಷ್ಟೇ. ಓದುವವರನ್ನು ತಡೆಯುವುದಿಲ್ಲ.

ಬೀಗ ಸರಿಯಾಗಿಯೇ ಹಾಕಿದ್ದೀಯ ಅಂದುಕೊಳ್ಳೋಣ. ಪಾಸ್‌ವರ್ಡ್ ಹಾಕುವ ಮುಂಚೆ ಆ ಡೈರಿಯನ್ನು ಪೆನ್ ಡ್ರೈವಿಗೆ ಕಾಪಿ ಮಾಡಿದ್ದೆ, ನಿನಗೆ ನೀನೇ ಮೇಲ್ ಕೂಡ ಮಾಡಿಕೊಂಡಿದ್ದೆ ಅಂದೆಯಲ್ಲ? ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗಾಯಿತು. ಹೊಸ ಬೀಗ ಹಳೆಯ ಪ್ರತಿಗಳಿಗೆ ಹೋಗಿ ಬೀಳುವುದಿಲ್ಲ. ರಿಸೈಕಲ್ ಬಿನ್ನಿನಲ್ಲಿ ಒಂದು ಬಿದ್ದಿರಬಹುದು, ಅಲ್ಲೂ ನೋಡು. ಬೀಗ ಹಾಕಿದ ಫೈಲಿನ ಹೆಸರು ಎಲ್ಲರಿಗೂ ಕಾಣುತ್ತದೆ, ಡಿಲೀಟ್ ಮಾಡುವುದನ್ನೂ ಬೀಗ ತಡೆಯುವುದಿಲ್ಲ. "ನನ್ನ ಗುಟ್ಟಿನ ಡೈರಿ" ಅಂತ ಹೆಸರಿಟ್ಟು ಬೀಗ ಹಾಕಿದರೆ ಆ ಹುಡುಗನನ್ನು ಕೈಬೀಸಿ ಕರೆದಂತೆ.

ನಿಜ ಹೇಳಬೇಕೆಂದರೆ ನಿನಗೆ ಮೊದಲು ಬೇಕಿರುವುದು ಈ ಬೀಗವಲ್ಲ. ಮನೆಮಂದಿಯೆಲ್ಲ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತೀರಿ, ತೊಂದರೆ ಅಲ್ಲೇ ಇದೆ. ವಿಂಡೋಸ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಕೌಂಟ್ ಮಾಡಿಸು. ತಮ್ಮನದು ಸ್ಟ್ಯಾಂಡರ್ಡ್ ಆಗಿರಲಿ, ಅಡ್ಮಿನಿಸ್ಟ್ರೇಟರ್ ಆದರೆ ಅವನು ಎಲ್ಲರ ಫೋಲ್ಡರಿಗೂ ನುಗ್ಗಬಲ್ಲ. ಅಷ್ಟಾದ ಮೇಲೆ ಪಾಸ್‌ವರ್ಡ್ ಬೇಕಾಗುವುದು ಡೈರಿಗೆ, ಹೆಚ್ಚೆಂದರೆ ಇನ್ನೊಂದೆರಡಕ್ಕೆ. ನೋಟ್ಸಿನ ಬೀಗ ಇವತ್ತೇ ತೆಗೆ. ಫೈಲು ತೆರೆದು ಅದೇ ಎನ್‌ಕ್ರಿಪ್ಟ್‌ಗೆ ಹೋಗಿ ಚುಕ್ಕೆಗಳನ್ನು ಅಳಿಸಿ, ಓಕೆ ಒತ್ತಿ ಸೇವ್ ಮಾಡಿದರೆ ಮುಗಿಯಿತು. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಹಾಗೆ ಕಪ್ಪು ಚುಕ್ಕೆ ಎಣಿಸುತ್ತಾ ಕೂರುವುದು ಬೇಡ.

ಡೈರಿಯ ಪಾಸ್‌ವರ್ಡನ್ನು ಕಾಗದದಲ್ಲಿ ಬರೆ, ದೊಡ್ಡಕ್ಷರ ಯಾವುದು ಚಿಕ್ಕಕ್ಷರ ಯಾವುದು ಗೊತ್ತಾಗುವ ಹಾಗೆ. ಕವರಿನಲ್ಲಿ ಅಂಟಿಸಿ, ಅಂಟಿನ ಮೇಲೆ ರುಜು ಹಾಕಿ, ನೀನು ನಂಬುವವರ ಹತ್ತಿರ ಕೊಡು. ಬರೆದಿಡಬಾರದು ಅಂತ ಕೆಲವರು ಹೇಳುತ್ತಾರೆ. ಕಂಪ್ಯೂಟರಿಗೆ ಅಂಟಿಸಬಾರದು ಅನ್ನುವುದು ಸರಿ, ಬರೆಯಲೇಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನನ್ನ ಫೈಲಿನ ಕವರು ನಿನ್ನಮ್ಮನ ಹತ್ತಿರವೇ ಇದೆ. ನಾನಿರುವ ತನಕ ಒಡೆಯಬೇಡ ಅಂದಿದ್ದೇನೆ. ಅವಳ ಜಗಳವೂ ಅದರಲ್ಲಿದೆ.

ಇಂತಿ,
ನಿನ್ನ ದೊಡ್ಡಮ್ಮ