ದೋಣಿ ಯಾರದು? — ಪೋಷಕರಿಗೆ ಪತ್ರ

17 ನವೆಂಬರ್ 2025

ಪ್ರೀತಿಯ ಪೋಷಕರಿಗೆ,

ನಮಸ್ಕಾರ. ಹೊಳೆಯ ನಡುವಿನ ದ್ವೀಪವಾದ ಕುದ್ರುವಿನಿಂದ ಮಕ್ಕಳು ಶಾಲೆಗೆ ಬರಲು ಹೊಸ ದೋಣಿ ಕಟ್ಟಿಸುವ ವಿಷಯ ಇದು, ಹಾಗಾಗಿ ಪತ್ರ ಈ ಸಲ ಉದ್ದವಾಗಿದೆ. ಮನೆಯ ಹಿರಿಯರಿಗೆ ಮಕ್ಕಳಿಂದಲೇ ಓದಿಸಿ. ಐದನೆಯ ತರಗತಿಯವರಿಗೆ ಗಟ್ಟಿಯಾಗಿ ಓದುವ ಅಭ್ಯಾಸ ಹೇಗೂ ಬೇಕಾಗಿದೆ.

ಜುಲೈಯಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಬಾಯಿಂದ ಬಾಯಿಗೆ ಹೋಗುತ್ತಾ ಅದು ಬೇರೆಯೇ ಕತೆಯಾಗಿದೆ. ದೋಣಿ ಮಗುಚಿತು, ಇಬ್ಬರು ಮಕ್ಕಳನ್ನು ಎತ್ತಿ ತಂದರು ಎಂದೆಲ್ಲ ಪೇಟೆಯಲ್ಲಿ ನನ್ನನ್ನೇ ಕೇಳಿದವರಿದ್ದಾರೆ. ಮಗುಚಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಕುದ್ರುವಿನ ಮಕ್ಕಳ ಜೊತೆ ನಾನೂ ಹೊರಟಿದ್ದೆ, ಒಂದು ಮನೆಗೆ ಹೋಗುವುದಿತ್ತು. ಹೊಳೆಯ ನಡುವೆ ಅಡಿಯ ಹಲಗೆಯ ಸಂದಿಯಿಂದ ನೀರು ಏಳತೊಡಗಿತು. ಅಂಬಿಗಜ್ಜ ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಸಂದಿಗೆ ತುರುಕಿ, ಮೇಲೆ ಹಿಮ್ಮಡಿ ಒತ್ತಿ ನಿಂತು, ನಿಂತಲ್ಲಿಂದಲೇ ಜಲ್ಲೆ ಹಾಕಿ ದಡ ಮುಟ್ಟಿಸಿದರು. ಏಳನೆಯ ಹುಡುಗರು ಊಟದ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲಿದರು. ಒಂದನೆಯ ತರಗತಿಯ ಪುಟ್ಟಿಯೊಬ್ಬಳು ಇಳಿದ ಮೇಲೆ ಹೇಳಿದ್ದು ಇಷ್ಟೇ: "ಟೀಚರ್, ಚೀಲ ಎಲ್ಲ ಚಂಡಿ ಆಯ್ತ್." ಆ ರಾತ್ರಿ ಕುದ್ರುವಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಕನ್ನಡ, ಗಣಿತ, ಪರಿಸರ ಎಲ್ಲ ಒಣಗಿದವು.

ಅವತ್ತು ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ನನ್ನ ಮೈಮೇಲೂ ಇರಲಿಲ್ಲ. ಇದನ್ನು ನಾನೇ ಬರೆದು ಹೇಳಬೇಕು, ಯಾಕೆಂದರೆ ಈ ಶಾಲೆಗೆ ಬಂದು ಆರು ವರ್ಷವಾದರೂ ಅದನ್ನು ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ನಾನು ಗದಗದ ಕಡೆಯವಳು. ನಮ್ಮೂರಲ್ಲಿ ನೀರೆಂದರೆ ಕೊಡದಲ್ಲಿ ಹೊತ್ತು ತರುವ ವಸ್ತು. ಈಜು ಬರುವುದಿಲ್ಲ. ಮೊದಲ ವರ್ಷ ದೋಣಿ ಹತ್ತುವಾಗ ಕಣ್ಣು ಮುಚ್ಚುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾದ ಮೇಲೆ ಭಯದ ಜೊತೆ ಎಚ್ಚರವೂ ಹೋಯಿತು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಜನ ಹೋದರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಆ ದೋಣಿಗೆ ಹೊರುವುದಕ್ಕಿಂತ ಹೆಚ್ಚು ಮಂದಿ ಹತ್ತಿದ್ದರು, ಬಹಳ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಎರಡನ್ನೂ ಪತ್ರಿಕೆಯಲ್ಲಿ ಓದಿ "ಅಯ್ಯೋ" ಎಂದು ಮಡಚಿಟ್ಟವಳು ನಾನು.

ಈಗಿನ ದೋಣಿ ನಮ್ಮದಲ್ಲ. ಹಿಂದೆ ಹೊಯ್ಗೆ, ಅಂದರೆ ಮರಳು, ಹೊರುತ್ತಿದ್ದದ್ದು, ಹಲಗೆ ಹಳೆಯದಾದ ಮೇಲೆ ಮಕ್ಕಳನ್ನು ಹೊರುತ್ತಿದೆ. ಮಾಲೀಕರು ಈ ಮಳೆಗಾಲವೇ ಕೊನೆ, ಇನ್ನು ರಿಪೇರಿಗೆ ಹಣ ಹಾಕುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಬಾಡಿಗೆಯನ್ನೂ ಸರಿಯಾಗಿ ಕೇಳಿದವರಲ್ಲ. ಸೇತುವೆಯ ಮಾತು ಬೇಡ. ಚುನಾವಣೆ ಬಂದಾಗಲೆಲ್ಲ ಅದು ಬರುತ್ತದೆ, ಮುಗಿದ ಮೇಲೆ ಹೋಗುತ್ತದೆ. ಇಲ್ಲಿಂದ ಸ್ವಲ್ಪ ದೂರದ ಮಲ್ಪೆಯಲ್ಲಿ ನಾರ್ವೆ ದೇಶಕ್ಕೆ ಹೋಗುವ ಸರಕು ಹಡಗುಗಳನ್ನು ಕಟ್ಟುತ್ತಾರೆ. ಅದೇ ಕರಾವಳಿಯಲ್ಲಿ 23 ಮಕ್ಕಳಿಗೆ ಸ್ಕೂಲಿಗೆ ಬರಲು ನೀರು ಬಾರದ ಒಂದು ದೋಣಿಯಿಲ್ಲ.

ಆದ್ದರಿಂದ ಸೆಪ್ಟೆಂಬರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತೀರ್ಮಾನವಾಯಿತು: ದೋಣಿಯನ್ನು ನಾವೇ ಕಟ್ಟಿಸುವುದು, ಊರ ಹಣದಲ್ಲಿ, ಊರಲ್ಲಿಯೇ.

ಫೈಬರ್ ದೋಣಿ ತಂದರೆ ಸಾಕಲ್ಲ, ಎಂಜಿನ್ ಯಾಕೆ ಬೇಡ ಎಂದು ಕೇಳುವವರಿದ್ದಾರೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ದೋಣಿ ಕಟ್ಟುವ ಬಡಗಿ, ಕುದ್ರುವಿನ ಆಚಾರ್ರು ಒಂದು ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕೂತು ಬಿಡಿಸಿ ಹೇಳಿದರು. ಸೀತಾ, ಸ್ವರ್ಣಾ ಎರಡೂ ಹೊಳೆ ಕೋಡಿಬೆಂಗ್ರೆಯ ಹತ್ತಿರ ಕೂಡಿ ಕಡಲಿಗೆ ಸೇರುವ ಜಾಗ ಇದು. ಉಬ್ಬರದಲ್ಲಿ ಆಳು ಮುಳುಗುವ ನೀರಿದ್ದರೆ ಇಳಿತದಲ್ಲಿ ಹೊಯ್ಗೆ ದಿಬ್ಬ ಎದ್ದು ನಿಲ್ಲುತ್ತದೆ. ಎಂಜಿನ್ನಿನ ರೆಕ್ಕೆ ದಿನಾ ಹೊಯ್ಗೆಗೆ ಬಡಿಯುತ್ತದೆ. ದಾಟಬೇಕಾದದ್ದು ಮುನ್ನೂರು ಮೀಟರಷ್ಟೇ, ಅದಕ್ಕೆ ಎಣ್ಣೆ ಸುಡುವುದು ಯಾಕೆ? ಅಡಿ ಚಪ್ಪಟೆಯಾಗಿ ಅಗಲವಾಗಿರಬೇಕು, ಮಕ್ಕಳು ಒಂದೇ ಬದಿಗೆ ವಾಲಿದರೂ ತೂಗಬಾರದು, ಇಬ್ಬರು ಹುಟ್ಟು ಹಾಕುವಂತಿರಬೇಕು. ಅಂಬಿಗಜ್ಜನಿಗೆ 68 ಆಯಿತು, ಅವರ ಜೊತೆಗೊಬ್ಬರು ಬೇಕೇ ಬೇಕು. ಮರದ್ದಾದರೆ ಒಡೆದ ಹಲಗೆಯನ್ನು ಊರಲ್ಲಿಯೇ ಬದಲಿಸಬಹುದು. ಫೈಬರ್ ಒಡೆದರೆ ಮಲ್ಪೆಯಿಂದ ಜನ ಬರಬೇಕು, ಅವರು ಬರುವವರೆಗೆ ಮಕ್ಕಳು ಮನೆಯಲ್ಲಿ.

ಉದ್ದ 26 ಅಡಿ. ಹಲಗೆ ಹೆಬ್ಬಲಸಿನದು. ಉಪ್ಪುನೀರಿಗೆ ಅದು ಬಾಳಿಕೆ ಬರುತ್ತದೆ. ಮೊಳೆ ತಾಮ್ರದ್ದು, ಕಬ್ಬಿಣವಾದರೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಹಲಗೆಗಳ ಸಂದಿಗೆ ಹತ್ತಿ ತುಂಬಿ ರಾಳ ಬಳಿಯುತ್ತಾರೆ. ಕೊನೆಗೆ ಒಳಗೂ ಹೊರಗೂ ಗೇರುಬೀಜದ ಸಿಪ್ಪೆಯ ಎಣ್ಣೆ. ಮರ ಕೊರೆಯುವ ಹುಳಕ್ಕೆ ಅದು ಆಗುವುದಿಲ್ಲ. ಮನುಷ್ಯರ ಚರ್ಮಕ್ಕೂ ಆಗುವುದಿಲ್ಲ, ಬೊಬ್ಬೆ ಏಳುತ್ತದೆ. ಹಾಗಾಗಿ ಎಣ್ಣೆ ಹಚ್ಚುವ ದಿನ ಮಕ್ಕಳು ಹತ್ತಿರ ಸುಳಿಯಬಾರದೆಂದು ಆಚಾರ್ರು ಮೊದಲೇ ಖಡಾಖಂಡಿತವಾಗಿ ಹೇಳಿದ್ದಾರೆ. ಉಳಿದ ದಿನಗಳಲ್ಲಿ ಆರು, ಏಳನೆಯವರು ಶನಿವಾರ ಮಧ್ಯಾಹ್ನ ಹೋಗಿ ನೋಡಬಹುದು, ಅಳತೆ ಹಿಡಿಯಬಹುದು. ಘನ ಅಡಿ ಅಂದರೆ ಏನೆಂದು ಬೋರ್ಡಿನ ಮೇಲೆ ಮೂರು ವರ್ಷ ಬಿಡಿಸಿದೆ. ಹಲಗೆ ಮುಟ್ಟಿ ನೋಡಿದ ದಿನ ತಾನಾಗಿ ಅರ್ಥವಾಗುತ್ತದೆ ಎಂದು ನನ್ನ ಲೆಕ್ಕ.

ಇನ್ನು ಹಣ. ಆಚಾರ್ರು ಕೊಟ್ಟ ಅಂದಾಜು 3,10,000 ರೂಪಾಯಿ. ಮರಕ್ಕೆ 1,45,000, ಕೂಲಿಗೆ 90,000, ತಾಮ್ರ, ರಾಳ, ಎಣ್ಣೆಗೆ 35,000, ಹುಟ್ಟು ಮತ್ತು ಮಕ್ಕಳ ಅಳತೆಯ ಜಾಕೆಟ್‌ಗಳಿಗೆ 40,000. ಇಂದಿನವರೆಗೆ ಕೂಡಿದ್ದು 1,47,250. ಅದರಲ್ಲಿ ಕುದ್ರುವಿನ 25 ಮನೆಗಳದ್ದೇ 62,500. ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನ, ಬೋಟಿಗೆ ಹೋಗುವವರ ಮನೆಯಲ್ಲಿ ಕೈ ಹೇಗೆ ಬಿಗಿಯಾಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅದಕ್ಕೇ ಆಗ ಕೇಳಲಿಲ್ಲ. ದುಬೈ, ಕುವೈತ್, ಮುಂಬಯಿಯಲ್ಲಿರುವ ಹಳೆ ವಿದ್ಯಾರ್ಥಿಗಳು 35,000 ಕಳಿಸಿದ್ದಾರೆ. ಗಣೇಶೋತ್ಸವದಲ್ಲಿ ನಡೆದ ಏಲಂನಿಂದ 31,400 ಬಂತು. ಒಂದು ಕುಂಬಳಕಾಯಿ 2,100ಕ್ಕೆ ಹೋಯಿತು. ಆ ಮೇಲಾಟ ನೋಡಿದವರು ಇನ್ನೂ ನಗುತ್ತಿದ್ದಾರೆ.

ಉಳಿದ 18,350 ಮಕ್ಕಳ ಸಂಪಾದನೆ. ನವರಾತ್ರಿಯಲ್ಲಿ ನಮ್ಮ ಎಂಟು ಮಕ್ಕಳು ಯಕ್ಷಗಾನದ ಹೂವಿನಕೋಲು ಹಿಡಿದು ಮನೆಮನೆಗೆ ಹೋದರು. ಈ ಭಾಗದಲ್ಲಿ ಅದು ನಿಂತೇ ಹೋಗುತ್ತಿದೆ ಎಂದು ಭಾಗವತರು ತಾವಾಗಿಯೇ ಬಂದು ತಾಳ ಕಲಿಸಿದರು, ಮದ್ದಳೆಯವರನ್ನೂ ಕರೆತಂದರು. ಮನೆಯ ಚಾವಡಿಯಲ್ಲಿ ಎದುರುಬದುರು ಕೂತು, ಹೂ ಕಟ್ಟಿದ ಕೋಲು ಹಿಡಿದು, ಅರ್ಜುನನೂ ಬಭ್ರುವಾಹನನೂ ಮಾತಿಗೆ ಮಾತು ಕೊಟ್ಟರು. ಅಕ್ಕಿ, ತೆಂಗಿನಕಾಯಿ, ಹಣ, ಕೊಟ್ಟವರು ಏನು ಕೊಟ್ಟರೂ ತಂದರು. ನಾಲ್ಕನೆಯ ತರಗತಿಯ ಬಭ್ರುವಾಹನ ಕೋಪದ ಮಾತಿನ ನಡುವೆ ಮರೆತು, "ಎಲವೋ ಅರ್ಜುನಾ, ಸ್ವಲ್ಪ ನಿಲ್ಲಿ" ಎಂದನಂತೆ. ಶತ್ರುವಿಗೂ ಬಹುವಚನ! ಆ ಮನೆಯವರು ನಗುತ್ತಾ ಐನೂರು ಹೆಚ್ಚು ಕೊಟ್ಟರು.

ಅದೇ ದಿನಗಳಲ್ಲಿ ನಾನು ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಕೆಲಸಕ್ಕೆ ಕುದ್ರುವಿನ ಎಲ್ಲ ಮನೆಗಳಿಗೂ ಹೋದೆ. ರಜೆ ಅಕ್ಟೋಬರ್ 18ರವರೆಗೆ ಉದ್ದವಾದದ್ದು ನಿಮಗೆ ನೆನಪಿದೆ. ಪ್ರಶ್ನೆ ಮುಗಿದು ಮೊಬೈಲ್ ಮಡಚಿದ ಮೇಲೆ ಮಾತು ದೋಣಿಗೇ ಬರುತ್ತಿತ್ತು. ಒಬ್ಬ ತಾಯಿ ಹೇಳಿದರು, ಆಗುಂಬೆ ಕಡೆ ಮಳೆ ಹೊಡೆದು ಹೊಳೆಯಲ್ಲಿ ಕೆಂಪು ನೀರು ಬಂದ ದಿನ ಮಗಳನ್ನು ಕಳಿಸುವುದಿಲ್ಲ, ಕಳಿಸದ ದಿನ ಟೀಚರ್ ಏನೆಂದುಕೊಳ್ಳುತ್ತಾರೋ ಎಂದು ಸಂಕಟವಾಗುತ್ತದೆ ಎಂದು. ಎಲ್ಲರಿಗೂ ಹೇಳುತ್ತೇನೆ: ಅಂಥ ದಿನ ಕಳಿಸಬೇಡಿ. ಹೊಸ ದೋಣಿ ಬಂದ ಮೇಲೂ ಕಳಿಸಬೇಡಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ, ಹಾಗಾಗಿ ಕೆಲವು ಬೆಳಿಗ್ಗೆ ಕುದ್ರುವಿನ ಮಕ್ಕಳು ಮೊಣಕಾಲುದ್ದ ಕೆಸರು ತುಳಿದು ತಡವಾಗಿ ಬರುತ್ತಾರೆ. ಅವರನ್ನು ಹೊರಗೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ.

ಈಗ ಈ ದಡದ ಪೋಷಕರಿಗೆ ಒಂದು ಮಾತು. ನಿಮ್ಮಲ್ಲೊಬ್ಬರು ಮೊನ್ನೆ ಗೇಟಿನ ಹತ್ತಿರ ಕೇಳಿದರು: "ದೋಣಿ ಅವ್ರಿಗಲ್ದಾ ಟೀಚರ್, ನಾವ್ ಎಂತಕ್ ದುಡ್ ಕೊಡ್ಕ್?" ಹಿಂದಿನಿಂದ ಹೇಳದೆ ಮುಖಕ್ಕೆ ಕೇಳಿದ್ದು ಒಳ್ಳೆಯದಾಯಿತು. ನಮ್ಮ ಶಾಲೆಯಲ್ಲಿ ಈಗ 74 ಮಕ್ಕಳು. ಕುದ್ರುವಿನ 23 ಹೋದರೆ 51. ಮಕ್ಕಳು ಕಡಿಮೆಯಾದ ಹಾಗೆ ಶಿಕ್ಷಕರ ಹುದ್ದೆಯೂ ಹೋಗುತ್ತದೆ. ಒಬ್ಬರೇ ಎರಡು ಮೂರು ತರಗತಿ ಒಟ್ಟಿಗೆ ಕೂರಿಸಿ ಕಲಿಸುವ ಶಾಲೆಯಿಂದ ನೀವೇ ಮಗುವನ್ನು ಬಿಡಿಸಿ ವ್ಯಾನ್ ಹತ್ತಿಸುತ್ತೀರಿ. ಆಮೇಲೆ ಉಳಿಯುವುದು ಬೀಗ ಹಾಕಿದ ಕಟ್ಟಡ. ಇದು ಹೆದರಿಸುವ ಮಾತಲ್ಲ, ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಕಣ್ಣಾರೆ ಕಂಡದ್ದು.

ಇನ್ನೊಂದು ವಿಷಯವನ್ನು ಮುಚ್ಚಿಡುವುದಿಲ್ಲ. ಒಬ್ಬ ದಾನಿ ಪೂರ್ತಿ ಹಣ ಒಬ್ಬರೇ ಕೊಡುತ್ತೇನೆಂದು ಮುಂದೆ ಬಂದಿದ್ದರು. ದೋಣಿಯ ಎರಡೂ ಬದಿಗೆ ಅವರ ಹೆಸರು, ನೀರಿಗಿಳಿಸುವ ದಿನ ಶಾಮಿಯಾನ, ಅಷ್ಟೇ ಕೇಳಿದ್ದು. ಸಮಿತಿಯಲ್ಲಿ ಇಬ್ಬರು ಒಪ್ಪೋಣವೆಂದರು. ನಾನು ಬೇಡವೆಂದೆ, ಕೊನೆಗೆ ಬಹುಮತವೂ ಬೇಡವೆಂದಿತು. ಕೊಟ್ಟವರ ದೋಣಿಯಾದರೆ ಹಲಗೆ ಬಿರಿದ ದಿನ ನಾವು ಅವರ ಫೋನಿಗೆ ಕಾಯುತ್ತಾ ಕೂರುತ್ತೇವೆ. ಈಗಿನ ದೋಣಿಯಲ್ಲಿ ಆದದ್ದೂ ಅದೇ. ಒಂದು ಮನೆಯಿಂದ 5,000ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಮಾಡಿಕೊಂಡದ್ದು ಆಮೇಲೆ. ದಾನಿಗೆ ಬೇಸರವಾಗಿದೆ, ದಾರಿಯಲ್ಲಿ ಸಿಕ್ಕರೂ ಮಾತಾಡುತ್ತಿಲ್ಲ. ಹಣ ಪೂರ್ತಿ ಕೂಡದೇ ಹೋದರೆ ಮೊದಲ ಮಾತು ನನಗೇ ಬರುತ್ತದೆ ಎಂದು ಗೊತ್ತಿದೆ.

ಹೀಗೆ ಊರೇ ಕೂಡಿ ದೋಣಿ ಮಾಡಿಕೊಂಡವರು ಬೇರೆಡೆಯೂ ಇದ್ದಾರೆ. ಕೇರಳದ ಆರನ್ಮುಳದಲ್ಲಿ ಪಂಪಾ ನದಿಯ ಎರಡೂ ದಡದ ಊರುಗಳಿಗೆ ತಮ್ಮ ತಮ್ಮದೇ ಪಳ್ಳಿಯೋಡಂ ಎಂಬ ಉದ್ದನೆಯ ದೋಣಿಗಳಿವೆ. ಹುಟ್ಟು ಹಾಕುವವರೂ ಊರವರೇ. ಸ್ಕಾಟ್ಲೆಂಡಿನ ಮೀನುಗಾರಿಕೆ ಮ್ಯೂಸಿಯಂ 2009ರಲ್ಲಿ ಇಯಾನ್ ಔಟ್ರೆಡ್ ಎಂಬ ದೋಣಿ ವಿನ್ಯಾಸಕಾರರಿಂದ 22 ಅಡಿಯ ಒಂದು ದೋಣಿಯ ನಕ್ಷೆ ಮಾಡಿಸಿತು. ಪ್ಲೈವುಡ್ ತುಂಡುಗಳ ಕಿಟ್ ತರಿಸಿಕೊಂಡು ಕಡಲ ತಡಿಯ ಸಣ್ಣ ಊರಿನವರು ಚಂದಾ ಎತ್ತಿ ತಾವೇ ಕೂಡಿಸಿದರು. 2013ರಲ್ಲಿ ಅಲಾಪೂಲ್ ಎಂಬಲ್ಲಿ ಆ ದೋಣಿಗಳ ವಿಶ್ವ ಪಂದ್ಯವೇ ನಡೆಯಿತು. ವಿಜ್ಞಾನ ಮೇಷ್ಟ್ರು ವಿಡಿಯೊ ತೋರಿಸಿದಾಗ ಮಕ್ಕಳು ಬಾಯಿ ತೆರೆದು ನೋಡಿದರು. ಅವರದು ಪಂದ್ಯಕ್ಕೆ, ನಮ್ಮದು ಮಗ್ಗಿ ಕಲಿಯುವುದಕ್ಕೆ. ಆದರೂ ಭಾನುವಾರ ದೋಣಿ ಖಾಲಿ ಇರುತ್ತದಲ್ಲ ಎಂದು ಏಳನೆಯವರು ಆಗಲೇ ಲೆಕ್ಕ ಹಾಕಿದ್ದಾರೆ. ದೊಡ್ಡವರು ಜೊತೆಗಿದ್ದರೆ ನನ್ನ ಅಡ್ಡಿಯಿಲ್ಲ. ಈ ದಡದ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಹುಟ್ಟು ಹಿಡಿಯಲೂ ಬಾರದು. ಹೊಳೆಯ ಪಕ್ಕ ಹುಟ್ಟಿದವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ. ಗದಗದವಳಾದ ನಾನು ಹೇಳಿದರೆ ನೀವು ನಗಬಹುದು.

ಬೇಕಾಗಿರುವುದು ಇನ್ನೂ 1,62,750. ಈ ಮಳೆಗಾಲದಲ್ಲಿ ಹಿತ್ತಿಲಲ್ಲಿ ಬಿದ್ದ ಹೆಬ್ಬಲಸಿನ ಮರವನ್ನು ಒಂದು ಮನೆಯವರು ಕೊಡುತ್ತೇವೆಂದಿದ್ದಾರೆ. ಅರಣ್ಯ ಇಲಾಖೆಯ ಕಾಗದ ಆದರೆ ಮರದ ಖರ್ಚು ಇಳಿಯುತ್ತದೆ, ಎಷ್ಟೆಂದು ಸೀಳಿದ ಮೇಲೆಯೇ ತಿಳಿಯುವುದು. ಜನವರಿಯಲ್ಲಿ ಸಹಾಯಾರ್ಥ ಬಯಲಾಟ ಇಟ್ಟುಕೊಳ್ಳುವ ಯೋಚನೆ ಇದೆ. ಯಾರೂ ಕೊಡಲೇಬೇಕೆಂದಿಲ್ಲ. ಸರ್ಕಾರಿ ಶಾಲೆಯಲ್ಲಿ ಹಾಗೆ ಒತ್ತಾಯಿಸುವಂತೆಯೂ ಇಲ್ಲ, ಕೊಡದ ಮನೆಯ ಮಗು ದೋಣಿಯಲ್ಲಿ ಬೇರೆ ಕಡೆ ಕೂರುವುದೂ ಇಲ್ಲ. ಹಣವಿಲ್ಲದಿದ್ದರೆ ಒಂದು ದಿನದ ಕೆಲಸ, ಆಚಾರ್ರ ಜನಕ್ಕೆ ಒಂದು ಹೊತ್ತಿನ ಗಂಜಿ–ಚಟ್ನಿ, ಏಲಂಗೆ ಒಂದು ಬಾಳೆಗೊನೆ, ಎಲ್ಲವೂ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಮನೆಯ ಹೆಸರಿನಲ್ಲೇ ಬರೆಯಲ್ಪಡುತ್ತದೆ. ಹಣ ಕೊಟ್ಟವರು ರಸೀದಿ ಕೇಳಿ ಪಡೆಯಿರಿ. ಖಾತೆ ಎಸ್‌ಡಿಎಂಸಿ ಅಧ್ಯಕ್ಷರ ಮತ್ತು ನನ್ನ ಜಂಟಿ ಹೆಸರಿನಲ್ಲಿದೆ. ಪುಸ್ತಕ ಆಫೀಸಿನ ಮೇಜಿನ ಮೇಲೆ ಇರುತ್ತದೆ, ಯಾವಾಗ ಬಂದರೂ ತೆರೆದು ನೋಡಿ.

ಮೇ ಕೊನೆಗೆ ಶಾಲೆ ತೆರೆಯುವ ಮೊದಲು ದೋಣಿ ನೀರಿಗಿಳಿಯಬೇಕು. ಬಂದರು ಇಲಾಖೆಯವರು ಬಂದು ನೋಡಿ ಎಷ್ಟು ಮಂದಿ ಎಂದು ಬರೆದುಕೊಡುತ್ತಾರೋ ಅಷ್ಟೇ ಮಂದಿ ಹತ್ತುವುದು. ಮದುವೆಯ ದಿಬ್ಬಣವಾದರೂ ಸರಿ, ನೆಂಟರು ಬಂದಿದ್ದರೂ ಸರಿ. ಜಾಕೆಟ್ ಹಾಕದ ಮಗುವನ್ನು ಅಂಬಿಗಜ್ಜ ಹತ್ತಿಸಿಕೊಳ್ಳುವುದಿಲ್ಲ, ಟೀಚರನ್ನೂ ಹತ್ತಿಸಿಕೊಳ್ಳುವುದಿಲ್ಲ. ಸೆಕೆ, ತುರಿಕೆ ಎಂದು ಮಕ್ಕಳು ದೂರು ತರುತ್ತಾರೆ. ದಯವಿಟ್ಟು ಅವರ ಪರ ವಹಿಸಿಕೊಂಡು ಬರಬೇಡಿ.

ಸಭೆ ನವೆಂಬರ್ 22, ಶನಿವಾರ ಮಧ್ಯಾಹ್ನ 2 ಗಂಟೆಗೆ, ಶಾಲೆಯ ಜಗಲಿಯಲ್ಲಿ. ಆಚಾರ್ರು ಬರುತ್ತಾರೆ, ದೋಣಿಯ ಸಣ್ಣ ಮಾದರಿಯೊಂದನ್ನು ಕೆತ್ತಿ ತರುತ್ತೇನೆಂದಿದ್ದಾರೆ. ಕುದ್ರುವಿನವರಿಗೆ ದೋಣಿ ಒಂದೂವರೆಗೆ ಬಿಡುತ್ತದೆ. ಎರಡು ಸಲ ಹಾಕುತ್ತಾರೆ, ಒಂದೇ ಸಲಕ್ಕೆ ಎಲ್ಲರೂ ಹತ್ತಬೇಡಿ. ಅಮ್ಮಂದಿರೂ ಬನ್ನಿ. ಕಳೆದ ಸಭೆಯಲ್ಲಿ ಅಪ್ಪಂದಿರೇ ಹೆಚ್ಚಿದ್ದರು, ಆದರೆ ಬೆಳಿಗ್ಗೆ ದಡದಲ್ಲಿ ನಿಂತು ಮಕ್ಕಳನ್ನು ಕಳಿಸುವವರು ನೀವು.

ನಿಮ್ಮ,
ಮುಖ್ಯ ಶಿಕ್ಷಕಿ

ಮರೆತಿದ್ದೆ: ಶುಕ್ರವಾರ ದೋಣಿಯಲ್ಲಿ ಎಡಗಾಲಿನ ಒಂದು ಚಪ್ಪಲಿ ಸಿಕ್ಕಿದೆ, ನೀಲಿ ಪಟ್ಟಿಯದ್ದು, ಸಣ್ಣ ಮಗುವಿನದು. ಆಫೀಸಿನ ಕಿಟಕಿಯಲ್ಲಿಟ್ಟಿದ್ದೇನೆ. ಬಲಗಾಲಿನದು ಯಾರ ಮನೆಯಲ್ಲಿದೆ ನೋಡಿ.