ಲಂಬಕೋನದಲ್ಲೇ ಯಾಕೆ ನಿಲ್ಲಬೇಕು?

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಪಾಲಕರೊಬ್ಬರ ಪತ್ರ ಓದಿದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ತ್ರಿಕೋನಮಿತಿಯ ಸೈನ್, ಕಾಸ್, ಟ್ಯಾನ್ ಕಲಿಸಿ ಏನು ಪ್ರಯೋಜನ, ಪರೀಕ್ಷೆ ಮುಗಿದ ಮೇಲೆ ಅದನ್ನು ಯಾರು ಮುಟ್ಟುತ್ತಾರೆ ಎಂಬುದು ಅವರ ದೂರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಉಪಯೋಗಕ್ಕೆ ಬರುವುದಕ್ಕೆ ಒಂದೇ ಹೆಜ್ಜೆ ಬಾಕಿ ಇರುವಾಗ ನಾವು ಪಾಠ ನಿಲ್ಲಿಸಿಬಿಡುತ್ತೇವೆ.

ಹತ್ತನೇ ತರಗತಿಯ ಎತ್ತರ, ದೂರದ ಲೆಕ್ಕಗಳನ್ನೇ ನೋಡಿ. ಗೋಪುರ, ಕಂಬ, ಮರ ಎಲ್ಲ ನೆಟ್ಟಗೆ ನಿಂತಿರುತ್ತವೆ. ಕೋನ ಅಂದರೆ 30, 45, 60. ನದಿಯ ಅಗಲ ಕೇಳಿದರೆ ಆಚೆ ದಡದ ಮರ ಈಚೆಯವನಿಗೆ ಸರಿಯಾಗಿ ಎದುರಿಗೇ ಇರುತ್ತದೆ. ನಮ್ಮ ಕೋಡಿಬಾಗಕ್ಕೆ ಬನ್ನಿ. ಕಾಳಿ ನದಿಯ ದಡದಲ್ಲಿ ನಿಂತು ಸದಾಶಿವಗಡದ ಕಡೆ ಯಾವ ಮರ ಸರಿಯಾಗಿ ಎದುರಿಗಿದೆ ಅಂತ ತೋರಿಸಿ. ದಡವೇ ಸೊಟ್ಟ, ಎದುರು ಅನ್ನುವುದು ಎಲ್ಲಿಂದ ಬಂತು? ಗುಡ್ಡ, ಹೊಳೆ, ಕಡಲು ತುಂಬಿದ ನಮ್ಮ ಜಿಲ್ಲೆಯಲ್ಲಿ ತಾನಾಗಿಯೇ ಲಂಬಕೋನ ಸಿಗುವ ಜಾಗ ಹುಡುಕುವುದೇ ಕಷ್ಟ.

ಇದಕ್ಕೇ ಸೈನ್ ನಿಯಮ ಇರುವುದು. ಸೈನ್ ಅಂದರೆ, ಲಂಬಕೋನ ತ್ರಿಭುಜದಲ್ಲಿ ಒಂದು ಕೋನದ ಎದುರಿನ ಬಾಹುವನ್ನು ಅತಿ ಉದ್ದದ ಬಾಹುವಿನಿಂದ ಭಾಗಿಸಿದಾಗ ಬರುವ ಸಂಖ್ಯೆ. ಯಾವುದೇ ತ್ರಿಭುಜ ಇರಲಿ, ಒಂದು ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿ. ಮೂರೂ ಬಾಹುಗಳಿಗೆ ಒಂದೇ ಉತ್ತರ ಬರುತ್ತದೆ. ಹಾಗಾಗಿ ಒಂದು ಬಾಹು, ಎರಡು ಕೋನ ಅಳೆದರೆ ಸಾಕು, ಉಳಿದ ಎರಡು ಬಾಹುಗಳ ಹತ್ತಿರ ಹೋಗಬೇಕಾಗಿಯೇ ಇಲ್ಲ.

ನಮ್ಮ ಜಗಲಿಗೆ ಲೆಕ್ಕ ಕೇಳಲು ಬರುವ ಮಕ್ಕಳನ್ನು ನಾನು ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗುತ್ತೇನೆ. ಸಾಮಾನು ಜಾಸ್ತಿ ಏನಿಲ್ಲ. ಒಂದು ಉದ್ದನೆಯ ಟೇಪು, ಎರಡು ಪ್ಲೈವುಡ್ ತುಂಡು. ತುಂಡಿನ ಮೇಲೆ ಕಂಪಾಸ್ ಬಾಕ್ಸಿನ ಕೋನಮಾಪಕ ಅಂಟಿಸಿದ್ದೇವೆ. ಅದರ ನಡುವೆ ಮೊಳೆಯ ಮೇಲೆ ತಿರುಗುವ ಒಂದು ಸ್ಕೇಲು, ಸ್ಕೇಲಿನ ಬೆನ್ನಿಗೆ ಎಳನೀರಿನ ಸ್ಟ್ರಾ. ಮರಳಿನ ಮೇಲೆ 120 ಮೀಟರ್ ಅಳೆದು ಎರಡೂ ತುದಿಗೆ ಕೋಲು ಊರುತ್ತೇವೆ. ಲಂಗರು ಹಾಕಿ ನಿಂತ ಯಾವುದಾದರೂ ದೋಣಿ ನಮ್ಮ ಗುರಿ. ದೋಣಿ ಅಲೆಗೆ ಓಲಾಡುತ್ತಲೇ ಇರುತ್ತದೆ, ಅದಕ್ಕೆ ಎರಡೂ ಕಡೆಯವರು ಒಂದೇ ಕ್ಷಣ ನೋಡಬೇಕು. ಸೀಟಿ ಊದಿದ ಕೂಡಲೇ ಸ್ಟ್ರಾದಿಂದ ಕೈ ತೆಗೆಯಬೇಕು. ಈ ಸೀಟಿಗಾಗಿ ಆಗುವ ಜಗಳ ಬೇರೆಯದೇ ಕಥೆ.

ಒಂದು ತುದಿಯಲ್ಲಿ 74 ಡಿಗ್ರಿ, ಇನ್ನೊಂದರಲ್ಲಿ 67 ಡಿಗ್ರಿ ಬಂತು ಅನ್ನಿ. ಮೂರನೆಯ ಕೋನ 39. 120ನ್ನು ಸೈನ್ 67ರಿಂದ ಗುಣಿಸಿ ಸೈನ್ 39ರಿಂದ ಭಾಗಿಸಿದರೆ, ಮೊದಲ ಕೋಲಿನಿಂದ ದೋಣಿಗೆ ಸುಮಾರು 175 ಮೀಟರ್. ಕಾಲು ಒದ್ದೆಯಾಗದೆ ನೀರಿನ ಮೇಲಿನ ದೂರ ಸಿಕ್ಕಿತು. 74 ಅಂತ ಓದಿದ್ದು ಅಸಲಿಗೆ 75 ಆಗಿದ್ದರೂ ಉತ್ತರ 4 ಮೀಟರ್ ಮಾತ್ರ ಜಾಸ್ತಿ ಆಗುತ್ತದೆ.

ಇದು ಮೇಲಿನ ತರಗತಿಯ ಪಾಠ, ಹತ್ತರ ಮಕ್ಕಳಿಗೆ ಭಾರ ಅನ್ನುವವರಿದ್ದಾರೆ. ಒಪ್ಪುವುದಿಲ್ಲ. ದೋಣಿಯಿಂದ ದಡಕ್ಕೆ ಒಂದು ಲಂಬ ಎಳೆಯಿರಿ. ಮಕ್ಕಳಿಗೆ ಗೊತ್ತಿರುವ ಎರಡು ಲಂಬಕೋನ ತ್ರಿಭುಜಗಳು ಸಿಕ್ಕವು. ಆ ಲಂಬವನ್ನು ಎಡಗಡೆಯ ಕೋನದಿಂದ ಒಮ್ಮೆ, ಬಲಗಡೆಯ ಕೋನದಿಂದ ಒಮ್ಮೆ ಬರೆಯಿರಿ. ಎರಡೂ ಒಂದೇ ಲಂಬ, ಅಲ್ವಾ? ಸಮ ಚಿಹ್ನೆ ಹಾಕಿ, ಸೈನ್ ನಿಯಮ ಬಂತು. ಒಂದು ಕೋನ 90 ದಾಟಿದರೆ ಮಾತ್ರ ಲಂಬ ಹೊರಗೆ ಬೀಳುತ್ತದೆ. 180ರಿಂದ ಕಳೆದರೆ ಸಿಗುವ ಕೋನಕ್ಕೂ ಅದೇ ಸೈನ್ ಅಂತ ಅಲ್ಲಿ ಒಂದು ಮಾತು ಸೇರಿಸಿದರೆ ಸಾಕು.

ದೋಣಿ ಮುಗಿಯಿತು ಅನ್ನುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ‘ಅಕ್ಕೋರೇ, ದೇವಗಡ ದ್ವೀಪದ ಲೈಟ್‌ಹೌಸ್ ಎಷ್ಟು ದೂರ?’ ಅಳೆಯಿರಿ ಅನ್ನುತ್ತೇನೆ. ಎರಡೂ ಕಡೆ 89 ಡಿಗ್ರಿ ಬಂತು ಅನ್ನಿ. ಮೂರನೆಯ ಕೋನ 2, ದೂರ ಸುಮಾರು 3.4 ಕಿಲೋಮೀಟರ್. ಈಗ ಒಂದೇ ಒಂದು ಡಿಗ್ರಿ ಆಚೀಚೆ ಮಾಡಿ. ಮೂರನೆಯ ಕೋನ 3 ಆದರೆ ದ್ವೀಪ 2.3 ಕಿಲೋಮೀಟರಿಗೆ ಬಂದು ನಿಲ್ಲುತ್ತದೆ, 1 ಆದರೆ 6.9ಕ್ಕೆ ಓಡಿಹೋಗುತ್ತದೆ! ಸೂತ್ರ ಸರಿ ಇದೆ, ಲೆಕ್ಕ ಸರಿ ಇದೆ, ತ್ರಿಭುಜ ತೀರಾ ತೆಳು. ದೂರದ್ದನ್ನು ಅಳೆಯಲು ದೊಡ್ಡ ಪಾದ, ಅಂದರೆ ನೆಲದ ಮೇಲೆ ಅಳೆದ ಉದ್ದನೆಯ ಗೆರೆ ಬೇಕು, ಇಲ್ಲವೇ ಕೋನವನ್ನು ತುಂಬಾ ಸೂಕ್ಷ್ಮವಾಗಿ ಓದುವ ಯಂತ್ರ ಬೇಕು. ಕಪ್ಪು ಹಲಗೆಯ ಮೇಲೆ ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ.

ಭಾರತವನ್ನು ತ್ರಿಭುಜಗಳಿಂದ ಅಳೆಯುವ ದೊಡ್ಡ ಸರ್ವೆ ಶುರುಮಾಡಿದ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್‌ಗೆ ಎರಡೂ ಇತ್ತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸುಮಾರು 7.5 ಮೈಲಿ ಉದ್ದದ ಗೆರೆಯನ್ನು ವಾರಗಟ್ಟಲೆ ಸರಪಳಿ ಹಿಡಿದು ಅಳೆಸಿದ. ಕೋನ ನೋಡಲು ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊರಿಸಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಹೋದ. ಆಮೇಲೆ ಸರಪಳಿ ಬಿಚ್ಚಿದ್ದು ಅಪರೂಪ. ಒಂದು ತ್ರಿಭುಜದ ಬಾಹು ಮುಂದಿನದಕ್ಕೆ ಪಾದವಾಗುತ್ತಾ ಲೆಕ್ಕ ಪಶ್ಚಿಮ ಕರಾವಳಿವರೆಗೂ ಬಂತು. ನಡುವೆ 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆ ಅಳೆದು ತಾಳೆ ನೋಡಿದಾಗ ವ್ಯತ್ಯಾಸ ಬಂದದ್ದು ಕೆಲವೇ ಇಂಚು. ಪ್ರಯೋಜನ ಏನು ಅಂತ ಕೇಳಿದ ಪಾಲಕರಿಗೆ ಇದನ್ನು ಹೇಳಬೇಕು. ದೇಶದ ನಕ್ಷೆ ನಿಂತಿರುವುದು ಇದರ ಮೇಲೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಗ್ಗದ ಲೆಕ್ಕ. ಜೆಟ್ಟಿಯ ಕಂಬಕ್ಕೆ 60 ಮೀಟರ್ ಹಗ್ಗದಲ್ಲಿ ಒಂದು ದೋಣಿ ಕಟ್ಟಿದೆ. ಹಗ್ಗ ಬಿಗಿಯಾಗಿದೆ. ಕಂಬದಿಂದ 100 ಮೀಟರ್ ದೂರದಲ್ಲಿ ನೀವಿದ್ದೀರಿ. ಕತ್ತಲೆ, ದೋಣಿಯ ದೀಪ ಮಾತ್ರ ಕಾಣುತ್ತದೆ, ಕಂಬದ ದಿಕ್ಕಿನಿಂದ 30 ಡಿಗ್ರಿ ಆಚೆಗೆ. ದೋಣಿ ನಿಮ್ಮಿಂದ ಎಷ್ಟು ದೂರ? ಕ್ಯಾಲ್ಕುಲೇಟರ್ ಒತ್ತಿದರೆ ದೋಣಿಯ ಹತ್ತಿರದ ಕೋನ 56 ಡಿಗ್ರಿ ಅನ್ನುತ್ತದೆ, ದೂರ ಸುಮಾರು 120 ಮೀಟರ್. ಮಕ್ಕಳು ಉತ್ತರಕ್ಕೆ ಕೆಳಗೆರೆ ಎಳೆದು ಪೆನ್ನು ಇಡುತ್ತಾರೆ. ಆದರೆ 124 ಡಿಗ್ರಿಗೂ ಅದೇ ಸೈನ್. ಆಗ ದೋಣಿ 53 ಮೀಟರ್ ದೂರದಲ್ಲೇ ಇದೆ. ಎರಡೂ ಸರಿ! ಹಗ್ಗ 50 ಮೀಟರ್‌ಗಿಂತ ಗಿಡ್ಡವಾಗಿದ್ದರೆ ಆ ದಿಕ್ಕಿನಲ್ಲಿ ದೋಣಿ ಕಾಣುವಂತೆಯೇ ಇಲ್ಲ. ಸರಿಯಾಗಿ 50 ಇದ್ದರೆ ಮಾತ್ರ ನಮ್ಮ ಪುಸ್ತಕದ ಲಂಬಕೋನ. ನೂರಕ್ಕಿಂತ ಉದ್ದವಿದ್ದರೆ ಮತ್ತೆ ಒಂದೇ ಜಾಗ. ಮಾರು ಹಗ್ಗ ಹಿಡಿದು ಅಂಗಳದಲ್ಲಿ ಸುತ್ತಿದರೆ ಏಳನೇ ತರಗತಿಯ ಮಗುವಿಗೂ ಇದು ಕಾಣುತ್ತದೆ.

ಪಠ್ಯಪುಸ್ತಕ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಅದು ಯಾವ ಕಾಲಕ್ಕೆ ಆಗುತ್ತದೋ. ಆಂತರಿಕ ಮೌಲ್ಯಮಾಪನಕ್ಕೆ ಹೇಗೂ 20 ಅಂಕ ಇದೆ. ಅಂಗಡಿಯಿಂದ ತಂದ ಚಾರ್ಟಿಗೆ ಬಣ್ಣ ಹಚ್ಚಿಸುವ ಬದಲು ಶಿಕ್ಷಕರು ಮಕ್ಕಳ ಕೈಗೆ ಟೇಪು ಕೊಡಲಿ. ಮಳೆ ಬಿಟ್ಟ ಮೇಲೆ, ಬೆಳಿಗ್ಗೆ ಇಳಿತ ಇರುವ ದಿನ ನೋಡಿ ಹೋದರೆ ಮರಳು ಗಟ್ಟಿ ಇರುತ್ತದೆ. ಘಟ್ಟದ ಮೇಲಿನವರಿಗೆ ಕಡಲೇ ಬೇಕೆಂದಿಲ್ಲ. ಶಿರಸಿಯಲ್ಲಿ ಕೆರೆ ಇಲ್ಲವೇ, ಆಚೆ ದಂಡೆಯ ಅಡಿಕೆ ಮರ ಇಲ್ಲವೇ?

ತಮ್ಮಲ್ಲೂ ಒಂದು ವಿನಂತಿ. ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಆ ಹಗ್ಗದ ಲೆಕ್ಕವನ್ನು ಹಾಕಿ. ಕೆಳಗೆ ‘ಸರಿಯಾದ ಒಂದು ಉತ್ತರ ಆರಿಸಿ’ ಅಂತ ಮಾತ್ರ ಬರೆಯಬೇಡಿ.

– ನಿವೃತ್ತ ಗಣಿತ ಶಿಕ್ಷಕಿ, ಕೋಡಿಬಾಗ, ಕಾರವಾರ