ಸದ್ದಿಲ್ಲದ ಕಾರ್ಡ್ ಕೇಳಿದೆ, ರಾಗಿ ಮಿಲ್ಲು ಕಳಿಸಿದಿರಿ

ಹಾಸನ
18-11-2024

ಗೆ,
ಕುಂದುಕೊರತೆ ಅಧಿಕಾರಿಗಳು,
ಕಂಪ್ಯೂಟರ್ ಬಿಡಿಭಾಗಗಳ ಆನ್‌ಲೈನ್ ಮಾರಾಟ ವಿಭಾಗ,
ಬೆಂಗಳೂರು

ವಿಷಯ: ಎರಡು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್‌ಗೆ ಹಣ ಪಡೆದು, ಒಂದು ಫ್ಯಾನಿನ ಬೇರೆ ಕಾರ್ಡ್ ಕಳಿಸಿ, ವಾಪಸ್ ಪಡೆಯಲು ಒಪ್ಪದಿರುವ ಬಗ್ಗೆ ದೂರು.

ಮಾನ್ಯರೇ,

ಅಕ್ಟೋಬರ್ 21ರಂದು ನಿಮ್ಮ ತಾಣದಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಚಿಪ್ಪಿನ, ಎರಡು ಫ್ಯಾನ್ ಇರುವ ಒಂದು ಗ್ರಾಫಿಕ್ಸ್ ಕಾರ್ಡ್ (ಕಂಪ್ಯೂಟರಿನಲ್ಲಿ ಗೇಮ್‌ನ ಚಿತ್ರ ಮೂಡಿಸುವ ಬಿಡಿಭಾಗ) ಆರ್ಡರ್ ಮಾಡಿ ₹29,800 ಕಟ್ಟಿದೆ. 29ಕ್ಕೆ ಮನೆಗೆ ಬಂದದ್ದು ಅದೇ ಚಿಪ್ಪಿನ, ಆದರೆ ಬೇರೆ ಕಂಪನಿಯವರು ಮಾಡಿದ, ಒಂದೇ ಫ್ಯಾನಿನ ಗಿಡ್ಡ ಕಾರ್ಡ್. ಬಿಲ್ಲಿನಲ್ಲೂ ಆ ಬೇರೆ ಮಾಡೆಲ್ ನಂಬರೇ ಇದೆ. ಅಂದರೆ ಕೈತಪ್ಪಿ ಆದದ್ದಲ್ಲ, ಗೊತ್ತಿದ್ದೇ ಬದಲಿಸಿದ್ದೀರಿ. ಬದಲಿಸುವ ಮುಂಚೆ ಒಂದು ಫೋನ್ ಇಲ್ಲ, ಒಂದು ಮೆಸೇಜ್ ಇಲ್ಲ. ಪಾರ್ಸೆಲ್ ಎರಡು ದಿನ ತಡವಾಯಿತು, ಅದಕ್ಕೆ ನನ್ನ ತಕರಾರಿಲ್ಲ. ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳು, ಊರಿನ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಇದುವರೆಗೆ ನಿಮ್ಮ ಸಿಬ್ಬಂದಿ ಜೊತೆ ಮೂರು ಸಲ ಮಾತಾಡಿದ್ದೇನೆ. ಮೂರು ಸಲವೂ ಒಂದೇ ಉತ್ತರ: "ಸರ್, ಚಿಪ್ ಸೇಮ್, ಪರ್ಫಾರ್ಮೆನ್ಸ್ ಸೇಮ್, ಇನ್ನೇನು ಸರ್ ಪ್ರಾಬ್ಲಮ್?" ಆ ಇನ್ನೇನು ಎಂಬುದನ್ನು ಹೇಳುವುದಕ್ಕೇ ಈ ಪತ್ರ.

ನಮ್ಮದು ವಿದ್ಯಾನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಕಂಪ್ಯೂಟರ್ ಇರುವುದು ಹಾಲ್‌ನಲ್ಲಿ. ಅದರಿಂದ ಆರಡಿ ದೂರದ ದಿವಾನದ ಮೇಲೆ ಅಪ್ಪ ಮಲಗುತ್ತಾರೆ. ಕೆಲಸ ಮುಗಿಸಿ, ಊಟ ಮಾಡಿ, ನಾನು ಗೇಮ್‌ಗೆ ಕೂರುವ ಹೊತ್ತಿಗೆ ಹತ್ತು ಗಂಟೆ. ಹಳೆಯ ಜಿಟಿಎಕ್ಸ್ 1060 ಕಾರ್ಡ್‌ನಲ್ಲೂ ಒಂದೇ ಫ್ಯಾನ್ ಇತ್ತು, ಅದರ ಗೋಳು ಏಳು ವರ್ಷ ಅನುಭವಿಸಿದ್ದೇನೆ. ಅದು ಸತ್ತಾಗ, ನಿಜ ಹೇಳುತ್ತೇನೆ, ನನಗಿಂತ ಅಪ್ಪನಿಗೆ ಖುಷಿಯಾಯಿತು. ಹಾಗಾಗಿ ಈ ಸಲ ವೇಗ ನೋಡಿ ಕಾರ್ಡ್ ಆರಿಸಲಿಲ್ಲ, ಸದ್ದು ನೋಡಿ ಆರಿಸಿದೆ.

ಹೆಚ್ಚುಕಮ್ಮಿ ಇದೇ ದುಡ್ಡಿಗೆ ಆರ್‌ಟಿಎಕ್ಸ್ 3060 ಸಿಗುತ್ತಿತ್ತು, ಅದಕ್ಕೆ 12 ಜಿಬಿ ಮೆಮೊರಿ. ಇನ್ನೂ ಕಡಿಮೆಗೆ ಎಎಂಡಿಯ ಆರ್‌ಎಕ್ಸ್ 7600 ಸಿಗುತ್ತಿತ್ತು. ಎರಡನ್ನೂ ಬಿಟ್ಟು 8 ಜಿಬಿಯ 4060ಕ್ಕೆ ಬಂದದ್ದು ಒಂದೇ ಕಾರಣಕ್ಕೆ. 3060 ಕುಡಿಯುವುದು 170 ವ್ಯಾಟ್, 7600 ಕುಡಿಯುವುದು 165, 4060 ಬರೀ 115. ಕಾರ್ಡ್ ಕುಡಿದ ಕರೆಂಟೆಲ್ಲ ಕೊನೆಗೆ ಶಾಖವೇ. ಶಾಖ ಕಡಿಮೆಯಾದರೆ ಫ್ಯಾನ್ ಮೆಲ್ಲಗೆ ತಿರುಗಿದರೆ ಸಾಕು. ಅದರ ಮೇಲೆ ಶಾಖ ಹೀರಿ ಹೊರಹಾಕುವ ದೊಡ್ಡ ಲೋಹದ ಹೀಟ್‌ಸಿಂಕ್, ಎರಡು ಫ್ಯಾನ್ ಇದ್ದರೆ ಪಕ್ಕದಲ್ಲಿ ಮಲಗಿದವರಿಗೂ ಗೊತ್ತಾಗುವುದಿಲ್ಲ. 4 ಜಿಬಿ ಮೆಮೊರಿ ಬಿಟ್ಟುಕೊಟ್ಟು ನಾನು ಕೊಂಡದ್ದು ಈ ನಿಶ್ಶಬ್ದವನ್ನು. ಅದನ್ನೇ ತೆಗೆದುಬಿಟ್ಟು ಚಿಪ್ ಮಾತ್ರ ಕಳಿಸಿ, ಎರಡೂ ಒಂದೇ ಅನ್ನುತ್ತಿದ್ದೀರಿ.

ಅದೂ ನಾನು ಕೇಳದೆ ಕೊಂಡವನಲ್ಲ. ಆರ್ಡರ್ ಮಾಡುವ ಹಿಂದಿನ ದಿನ ನಿಮ್ಮ ಚಾಟ್‌ನಲ್ಲಿ, "ಗೇಮ್ ಆಡದೆ ಸುಮ್ಮನಿದ್ದಾಗ ಇದರ ಫ್ಯಾನ್ ಪೂರ್ತಿ ನಿಲ್ಲುತ್ತದಾ?" ಎಂದು ಕೇಳಿದ್ದೆ. "ಹೌದು ಸರ್, ಈ ಮಾಡೆಲ್‌ನಲ್ಲಿ ನಿಲ್ಲುತ್ತೆ, ತುಂಬಾ ಸೈಲೆಂಟ್" ಎಂಬ ಉತ್ತರ ಬಂದಿದೆ. ಅದರ ಸ್ಕ್ರೀನ್‌ಶಾಟನ್ನೂ ಆರ್ಡರ್ ಪ್ರತಿ, ಬಿಲ್ಲುಗಳನ್ನೂ ಇದರ ಜೊತೆ ಇಟ್ಟಿದ್ದೇನೆ.

ನೀವು ಕಳಿಸಿದ ಕಾರ್ಡ್‌ನಲ್ಲಿ ಫ್ಯಾನ್ ನಿಲ್ಲುವ ಮಾತೇ ಇಲ್ಲ. ಸ್ವಿಚ್ ಒತ್ತಿದ ಗಳಿಗೆಯಿಂದ ಆಫ್ ಮಾಡುವವರೆಗೆ ತಿರುಗುತ್ತಲೇ ಇರುತ್ತದೆ. ಬರೀ ಡೆಸ್ಕ್‌ಟಾಪ್ ತೆರೆದಿಟ್ಟು, ಚಿಪ್ 36 ಡಿಗ್ರಿಯಲ್ಲಿ ತಣ್ಣಗೆ ಕೂತಿದ್ದಾಗಲೂ ನಿಮಿಷಕ್ಕೆ 1,400 ಸುತ್ತು. ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ 2,900. ಮೊದಲು ಗಾಳಿಯ ಹೋ ಎಂಬ ಸದ್ದು, ಅದರೊಳಗೆ ಬೇರಿಂಗ್ ಕಡೆಯಿಂದ ಟಿಕ್‌ಟಿಕ್, ಆಮೇಲೆ ಕ್ಯಾಬಿನೆಟ್ಟಿನ ತಗಡೂ ಅದರ ಜೊತೆ ಸೇರಿಕೊಳ್ಳುತ್ತದೆ. ಮೊದಲ ರಾತ್ರಿಯೇ ಅಪ್ಪ ಕಂಬಳಿಯಿಂದ ತಲೆ ಹೊರಗೆ ಹಾಕಿ, "ಏನ್ಲಾ ಅದು, ಒಳಗೆ ರಾಗಿ ಮಿಲ್ಲು ಓಡ್ತೈತಲ್ಲ" ಅಂದರು. ಹೊಸದು ತಂದಿದ್ದೇನೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಫೋನಿನ ಆ್ಯಪ್‌ನಲ್ಲಿ ಡೆಸಿಬಲ್ ಅಳೆದೆ. ಫೋನಿನ ಅಳತೆ ಕರಾರುವಾಕ್ಕಲ್ಲ ಎಂದು ನನಗೂ ಗೊತ್ತು, ಆದರೆ ಅದೇ ಫೋನು, ಅದೇ ಜಾಗ, ಅಪ್ಪನ ದಿಂಬಿನ ಮೇಲೆ: ಕಂಪ್ಯೂಟರ್ ಆಫ್ ಇದ್ದಾಗ 32, ಗೇಮ್ ಆಡುವಾಗ 46. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಜೋರು ಕೇಳುತ್ತದೆ. ಇಲ್ಲಿ ಏರಿರುವುದು ಹದಿನಾಲ್ಕು.

ನಿಮ್ಮವರು ಮೊದಲ ಕರೆಯಲ್ಲಿ "ನಿಮ್ಮ ರೂಮ್ ಬಿಸಿ ಇರಬೇಕು" ಅಂದರು. ಸ್ವಾಮಿ, ಇದು ಹಾಸನ. ಬಡವರ ಊಟಿ ಅನ್ನುತ್ತಾರೆ. ನವೆಂಬರ್ ರಾತ್ರಿ ಸ್ವೆಟರ್ ಹಾಕಿಕೊಂಡು ಗೇಮ್ ಆಡುತ್ತಿದ್ದೇನೆ, ಗೋಡೆಯ ಥರ್ಮಾಮೀಟರ್ 22 ತೋರಿಸುತ್ತಿದೆ. ಎರಡನೇ ಕರೆಯಲ್ಲಿ "ಕ್ಯಾಬಿನೆಟ್‌ನಲ್ಲಿ ಗಾಳಿ ಆಡುತ್ತಿಲ್ಲ" ಅಂದರು. ಪಕ್ಕದ ಬಾಗಿಲು ಬಿಚ್ಚಿಟ್ಟು ಆಡಿ ನೋಡಿದೆ, ಶಾಖ ಮೂರು ಡಿಗ್ರಿ ಇಳಿಯಿತು, ಸದ್ದು ಇನ್ನೂ ನಿಚ್ಚಳವಾಗಿ ಕೇಳಿಸಿತು. ಮೂರನೇ ಸಲ "ಅದು ಕಾಯಿಲ್ ವೈನ್ ಸರ್, ಎಲ್ಲ ಕಾರ್ಡ್‌ನಲ್ಲೂ ಇರುತ್ತೆ" ಎಂಬ ಉತ್ತರ. ಕಾಯಿಲ್ ವೈನ್ ಬರುವುದು ಕಾರ್ಡ್‌ನ ಸುರುಳಿಗಳಲ್ಲಿ ಜೋರಾಗಿ ಕರೆಂಟ್ ಹರಿದು ಅವು ಕಂಪಿಸಿದಾಗ. ಗೇಮ್‌ನಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು, ನೂರಾರು ದಾಟಿದಾಗ ಸೊಳ್ಳೆಯಂತೆ ಕೀರಲು ದನಿ ಕೇಳಿಸಿದರೆ ಅದು ಕಾಯಿಲ್. ನನ್ನ ಕಾರ್ಡ್ ಏನೂ ಕೆಲಸವಿಲ್ಲದೆ ಡೆಸ್ಕ್‌ಟಾಪ್ ತೋರಿಸುತ್ತಿರುವಾಗಲೂ ಗೊರಗುಡುತ್ತದೆ. ಅದು ಫ್ಯಾನು.

ನನ್ನ ಕಡೆಯಿಂದ ಆಗುವುದನ್ನೂ ಮಾಡಿದ್ದೇನೆ. ನನ್ನ ಮಾನಿಟರ್ 75 ಹರ್ಟ್ಸ್‌ನದು, ಸೆಕೆಂಡಿಗೆ 75 ಚಿತ್ರ ತೋರಿಸುತ್ತದೆ, ಅದಕ್ಕೆ ಫ್ರೇಮ್‌ಗಳನ್ನು 75ಕ್ಕೆ ಕಟ್ಟಿಹಾಕಿದೆ. ಕಾರ್ಡ್ ಹದಮಾಡುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ವೋಲ್ಟೇಜ್ ಒಂದಿಷ್ಟು ಇಳಿಸಿದೆ, ಎಷ್ಟು ಶಾಖಕ್ಕೆ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕೆಂದು ತೋರಿಸುವ ಗೆರೆಯನ್ನೂ ತಗ್ಗಿಸಿದೆ. ಗೇಮ್‌ನೊಳಗಿನ ಸದ್ದು ಸ್ವಲ್ಪ ಇಳಿಯಿತು, ಅದನ್ನು ಒಪ್ಪುತ್ತೇನೆ. ಆದರೆ ಫ್ಯಾನ್ ಶೇ. 30ಕ್ಕಿಂತ ಕೆಳಗೆ ಇಳಿಯದಂತೆ ಕಾರ್ಡ್‌ನೊಳಗೇ ಬರೆದಿಟ್ಟ ಮೂಲ ತಂತ್ರಾಂಶವಾದ ಬಯೋಸ್‌ನಲ್ಲೇ ಬಿಗಿದಿದ್ದಾರೆ. ಗೆರೆಯನ್ನು ಸೊನ್ನೆಗೆ ಎಳೆದರೂ ಅದು ಕೇಳುವುದಿಲ್ಲ. ಬಳಸುವವನು ಸೆಟ್ಟಿಂಗ್ ಬದಲಿಸಿ ಸರಿಮಾಡುವ ವಿಷಯ ಇದಲ್ಲ.

ಇನ್ನು ನಿಮ್ಮ ನಿಯಮ: "ಡಬ್ಬ ತೆರೆದ ಮಾಲು ವಾಪಸ್ ಇಲ್ಲ." ಡಬ್ಬ ತೆರೆಯದೆ ಫ್ಯಾನಿನ ಸದ್ದು ಕೇಳುವ ವಿದ್ಯೆ ನನಗೆ ಗೊತ್ತಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನ ಯಾವುದಾದರೂ ಅಂಗಡಿಗೆ ಹೋಗಿದ್ದರೆ ಕೌಂಟರಿನಲ್ಲೇ ಎಷ್ಟು ಫ್ಯಾನ್ ಇದೆ ಎಂದು ಕಣ್ಣಲ್ಲಿ ನೋಡುತ್ತಿದ್ದೆ. ನಿಮ್ಮ ಪುಟದ ಫೋಟೋ ನಂಬಿದ್ದಕ್ಕೆ ಈ ಫಜೀತಿ.

"ಹಾಗಾದರೆ ವಾರಂಟಿಯಲ್ಲಿ ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಕಳಿಸಿ, ಕೊರಿಯರ್ ಖರ್ಚು ನಿಮ್ಮದು" ಎಂದೂ ಬರೆದಿದ್ದೀರಿ. ಕಳಿಸಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಫ್ಯಾನ್ ತಿರುಗುತ್ತಿದೆ, ಚಿತ್ರ ಬರುತ್ತಿದೆ, ದೋಷವಿಲ್ಲ ಎಂದು ಚೀಟಿ ಅಂಟಿಸಿ ಮೂರು ವಾರಕ್ಕೆ ಹಿಂದಕ್ಕೆ ಕಳಿಸುತ್ತಾರೆ. ಅವರು ಹೇಳುವುದು ಸುಳ್ಳೂ ಆಗಿರುವುದಿಲ್ಲ, ಆ ಕಾರ್ಡ್ ಇರುವುದೇ ಹಾಗೆ. ಕಾರ್ಡ್ ಕೆಟ್ಟಿದೆ ಎಂದು ನಾನು ದೂರುತ್ತಿಲ್ಲ, ನಾನು ಕೇಳಿದ ಕಾರ್ಡ್ ಇದಲ್ಲ ಎಂದು ದೂರುತ್ತಿದ್ದೇನೆ. ದಯವಿಟ್ಟು ಎರಡನ್ನೂ ಕಲಸಬೇಡಿ.

ಬಂದ ಕಾರ್ಡ್‌ನ ಬೆಲೆ ನಿಮ್ಮದೇ ತಾಣದಲ್ಲಿ ₹27,500. ಉಳಿದ ₹2,300 ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ ಮುಂದಿನ ಖರೀದಿಗೆ ₹500ರ ಕೂಪನ್ ಕಳಿಸಿದಿರಿ. ಅದನ್ನು ಬಳಸಿಲ್ಲ, ಬಳಸುವುದೂ ಇಲ್ಲ. ನಾನು ಆರ್ಡರ್ ಮಾಡಿದ್ದ ಎರಡು ಫ್ಯಾನಿನ ಕಾರ್ಡ್ ಈಗ, ಈ ಪತ್ರ ಬರೆಯುತ್ತಿರುವ ಹೊತ್ತಿನಲ್ಲಿ, ನಿಮ್ಮ ತಾಣದಲ್ಲಿ ಸ್ಟಾಕ್ ಇದೆ ಎಂದು ತೋರಿಸುತ್ತಿದೆ.

ಆದ್ದರಿಂದ ಆ ಕಾರ್ಡನ್ನೇ ಕಳಿಸಿಕೊಡಿ, ಇಲ್ಲವೇ ₹29,800 ಪೂರ್ತಿ ಹಿಂದಿರುಗಿಸಿ. ಎರಡರಲ್ಲಿ ಯಾವುದಾದರೂ, ಈಗಿರುವ ಕಾರ್ಡನ್ನು ನಿಮ್ಮ ಖರ್ಚಿನಲ್ಲೇ ಒಯ್ಯಬೇಕು. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ನಿಮ್ಮ ತಾಣದ ಒಳನಿಯಮ ಅದಕ್ಕಿಂತ ದೊಡ್ಡದಲ್ಲ. ಅದೇ ನಿಯಮಗಳಲ್ಲಿ, ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂದೂ ಇದೆ. ಅಷ್ಟರಲ್ಲಿ ಆಗದಿದ್ದರೆ 1915 ಸಹಾಯವಾಣಿಗೆ, ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದ ಮೇಲೆ ಗ್ರಾಹಕ ತಾನಿರುವ ಊರಿನಲ್ಲೇ ದೂರು ಹೂಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಾನು ಬೆಂಗಳೂರಿಗೆ ಬರಬೇಕಾಗಿಲ್ಲ, ನೀವು ಹಾಸನಕ್ಕೆ ಬರಬೇಕಾಗುತ್ತದೆ.

ಕಾರ್ಡನ್ನು ಬಿಚ್ಚಿ, ಬಂದ ಡಬ್ಬದಲ್ಲೇ, ಸ್ಪಂಜು, ಕಾಗದ ಸಮೇತ ಇಟ್ಟಿದ್ದೇನೆ. ಒಯ್ಯಲು ಬರುವವರು ಸಂಜೆ ಏಳರ ಮೇಲೆ ಬರಲಿ. ಹಗಲು ಮನೆಯಲ್ಲಿ ಅಪ್ಪ ಒಬ್ಬರೇ ಇರುತ್ತಾರೆ, ಅವರು ಯಾರಿಗೂ ಒಟಿಪಿ ಹೇಳುವುದಿಲ್ಲ.

ಇಂತಿ,
ನಿಮ್ಮ ಗ್ರಾಹಕ
ವಿದ್ಯಾನಗರ, ಹಾಸನ